ಕಿಟಕಿಗೆ ನೇತುಹಾಕಿದ ಹಳೆಯ ಕ್ಯಾಲೆಂಡರ್

ಔಷಧಿಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಮುದುಡಿ ಕೂತಿರುವ ಚೀಟಿಯನ್ನು ನೀವು ಓದಿರಲಾರಿರಿ. ಯಾರೂ ಓದುವುದಿಲ್ಲ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಈ ಜಗತ್ತಿನಲ್ಲಿ ಇಬ್ಬರೇ ಎಂದು ನನ್ನ ಅಂದಾಜು: ಒಬ್ಬ ನಾನು, ಇನ್ನೊಬ್ಬರು ಅಕ್ಕ. ಮುದ್ರಣಾಲಯದ ನೆಲಮಹಡಿಯ ಕೋಣೆಯಲ್ಲಿ, ಒಂದೇ ಮೇಜಿನ ಆಚೀಚೆ ಕೂತು, ಇಪ್ಪತ್ತೊಂದು ವರ್ಷದಿಂದ ನಾವು ಮಾಡಿದ್ದು ಅದೊಂದೇ ಕೆಲಸ. ವೈದ್ಯರು ಸಹಿ ಹಾಕಿದ ಮೂಲಪ್ರತಿಯನ್ನು ಅಕ್ಕ ಗಟ್ಟಿಯಾಗಿ ಓದುತ್ತಾರೆ. ಅಚ್ಚಿಗೆ ಹೋಗಬೇಕಾದ ಪ್ರೂಫಿನ ಮೇಲೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೆರಳು ಸರಿಸುತ್ತೇನೆ. ಅವರು ಓದಿದ್ದೊಂದು, ನಾನು ಕಂಡದ್ದು ಇನ್ನೊಂದು ಆದರೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತೇನೆ. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಅಕ್ಕ ಬಾಯಿಬಿಟ್ಟೇ ಹೇಳಬೇಕು. ಒಮ್ಮೆ ಫೋನಿನಲ್ಲಿ ಮಗಳನ್ನು ಬೈಯುವಾಗಲೂ "ಬುದ್ಧಿ ಇದೆಯೇನೇ ನಿನಗೆ, ಪ್ರಶ್ನಾರ್ಥಕ" ಅಂದುಬಿಟ್ಟರು.

ಅಕ್ಕ ನನಗಿಂತ ಆರು ವರ್ಷ ಚಿಕ್ಕವರು. ಆದರೆ ಇಡೀ ಮುದ್ರಣಾಲಯಕ್ಕೆ ಅಕ್ಕ, ಆದ್ದರಿಂದ ನನಗೂ ಅಕ್ಕ. ನಾನು ಮೇಷ್ಟ್ರು. ಒಂದು ದಿನವೂ ಪಾಠ ಹೇಳಿದವನಲ್ಲ. ಕನ್ನಡಕ ಮಾತ್ರ ಹಾಗಿದೆ.

ಆ ಕನ್ನಡಕದ ಹಿಂದೆ ಒಂದು ಗುಟ್ಟಿತ್ತು. ಎರಡೂ ಕಣ್ಣಿಗೆ ಪೊರೆ ಬರತೊಡಗಿ ಎರಡು ವರ್ಷವಾಗಿತ್ತು. ಆಪರೇಷನ್ ಮಾಡಿಸಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದು ನನ್ನ ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ ಎಂದು ನಂಬಿದ್ದೆ. ಹೇಳಿಕೊಳ್ಳಲು ಭಯ. ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ಕಣ್ಣು ಮಂಜಾಗುತ್ತಿದೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದಕ್ಕೆ ಅಂದಿನ ಮ್ಯಾನೇಜರು ಅವರನ್ನು ಕಟ್ಟು ಕಟ್ಟುವ ವಿಭಾಗಕ್ಕೆ ಅಟ್ಟಿದ್ದರು. ಆರು ತಿಂಗಳು ದಾರ ಬಿಗಿದು, ಏಳನೆಯ ತಿಂಗಳು ಅವರು ಮನೆಯಲ್ಲಿ ಕೂತರು. ನನಗೆ ಇನ್ನೂ ನಾಲ್ಕು ವರ್ಷ ಸರ್ವೀಸಿತ್ತು. ದಾರ ಬಿಗಿಯುವುದಂತೂ ಬರುತ್ತಿರಲಿಲ್ಲ. ನನ್ನ ಚಪ್ಪಲಿಯ ಬಾರನ್ನೇ ಹೆಂಡತಿ ಸರಿಮಾಡುತ್ತಾಳೆ.

ಹೀಗಿರುವಾಗ ಒಂದು ಸೋಮವಾರ ಮ್ಯಾನೇಜರು ನಮ್ಮ ಬಾಗಿಲಲ್ಲಿ ನಿಂತರು. ವಯಸ್ಸು ನನ್ನ ಅರ್ಧ, ಆತುರ ನನ್ನ ಎರಡರಷ್ಟು.

"ಮೇಷ್ಟ್ರೇ, ಈ ರೂಮಿಗೆ ಹೊಸ ಮಿಷಿನ್ ಬರ್ತಿದೆ. ಎರಡು ರೂಮ್ ಖಾಲಿ ಇವೆ. ಎರಡನೇ ಮಹಡೀಲಿ ರಸ್ತೆ ಕಡೆ ಇರೋದು ಒಂದು, ಕೆಳಗೆ ಕಾಗದದ ಗೋದಾಮಿನ ಪಕ್ಕದ್ದು ಒಂದು. ಯಾವುದು ಬೇಕು ಅಂತ ಇಬ್ರೂ ಸೇರಿ ಶನಿವಾರದೊಳಗೆ ಹೇಳಿ. ನನ್ನ ಹತ್ರ ಪಂಚಾಯ್ತಿಗೆ ಬರಬೇಡಿ."

ಇದರಲ್ಲಿ ಪಂಚಾಯ್ತಿ ಏನು ಬಂತು? ಮೇಲಿನದು ಕೋಣೆಯಲ್ಲ, ಅರಮನೆ. ಒಂದು ಗೋಡೆಯ ತುಂಬ ಗಾಜು, ಕೆಳಗೆ ಬಸ್ಸುಗಳ ನೆತ್ತಿ, ಎದುರಿಗೆ ಆಕಾಶ. ಗೋದಾಮಿನ ಪಕ್ಕದ್ದರಲ್ಲಿ ಅಂಟಿನ ವಾಸನೆ, ಎರಡು ಟ್ಯೂಬ್‌ಲೈಟು, ಆಳೆತ್ತರದಲ್ಲೊಂದು ಕಿಟಕಿ. ಅದಕ್ಕೆ ಕಾಣುವುದು ಪಕ್ಕದ ಕಟ್ಟಡದ ಬಿಳಿ ಗೋಡೆ ಮಾತ್ರ. ಇಪ್ಪತ್ತೊಂದು ವರ್ಷ ದುಡಿದವರಿಗೆ ಗೋಡೆ ತೋರಿಸುವುದೇ? ಅಲ್ಲದೆ ನನ್ನ ಒಳಲೆಕ್ಕ ಬೇರೆ ಇತ್ತು: ಬೆಳಕು ಹೆಚ್ಚಿದ್ದಷ್ಟೂ ಗುಟ್ಟು ಭದ್ರ.

"ಮೇಲಿಂದೇ ತಗೊಳ್ಳೋಣ ಅಕ್ಕ. ಓದೋರಿಗೆ ಬೆಳಕು ಬೇಕು."

"ಗೋದಾಮಿನ ಪಕ್ಕದ್ದೇ ವಾಸಿ," ಅಂದರು ಅಕ್ಕ, ತಲೆ ಎತ್ತದೆ.

"ಅದು ಬಾವಿ ಇದ್ದ ಹಾಗಿದೆ."

"ತಂಪಾಗಿರತ್ತೆ ಬಿಡಿ."

"ಮೆಟ್ಟಿಲಿಗೆ ಹೆದರ್ತೀರಾ? ಲಿಫ್ಟ್ ಇದೆ."

"ನನ್ನ ಮಂಡಿ ನಿಮಗಿಂತ ಗಟ್ಟಿ. ಕಣ್ಣಿಗೆ ಯಾವುದು ಹಿತ ಅಂತ ನೋಡ್ಬೇಕು."

"ಯಾರ ಕಣ್ಣಿಗೆ? ನನ್ನ ಕಣ್ಣಿಗೇನಾಗಿದೆ?" ಅಂದೆ, ಬೇಡದಷ್ಟು ಜೋರಾಗಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ವಂಶ ಇನ್ನೂ ಅಳಿದಿಲ್ಲ.

ಅಕ್ಕ ಪುಟ ಮಗುಚಿದರು. "ಶುಕ್ರವಾರ ಬೆಳಿಗ್ಗೆ ಮೇಲೆ, ಮಧ್ಯಾಹ್ನ ಗೋದಾಮಿನ ಪಕ್ಕದ್ರಲ್ಲಿ ಕೂತು ಒಂದೊಂದು ಚೀಟಿ ಓದಿ ನೋಡೋಣ. ಆಮೇಲೆ ನೀವು ಹೇಳಿದ್ದೇ ಆಗ್ಲಿ."

ಶುಕ್ರವಾರ ಮೇಲಿನ ಕೋಣೆಗೆ ಹೋಗುವಾಗ ಅಕ್ಕನ ಕಂಕುಳಲ್ಲಿ ನಮ್ಮ ಕಿಟಕಿಯ ಕ್ಯಾಲೆಂಡರ್ ಸುರುಳಿಯಾಗಿತ್ತು. ಎರಡು ವರ್ಷ ಹಿಂದಿನದು. ತಾರೀಖು ನೋಡುವುದಕ್ಕಂತೂ ಅಲ್ಲ. ತಿಂಗಳಿಗೊಮ್ಮೆ ಅದನ್ನು ಕಿಟಕಿಯ ಎಡದ ಮೊಳೆಯಿಂದ ಬಲಕ್ಕೋ, ಬಲದಿಂದ ನಡುವಿಗೋ ಬದಲಿಸುವುದು ಅವರ ಒಂದು ಖಯಾಲಿ. ಅದರಲ್ಲೊಂದು ದೊಡ್ಡ ನೀಲಿ ಕೆರೆ, ಅಂಚಿನಲ್ಲೊಂದು ಬಿಳಿ ಕೊಕ್ಕರೆ. ಅವರು ಅದನ್ನು ಮೊದಲ ಸಲ ತೂಗುಹಾಕಿದಾಗ "ಕೆರೆ ಸೊಗಸಾಗಿದೆ ಅಕ್ಕ" ಅಂದಿದ್ದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ "ಹ್ಞೂ" ಅಂದಿದ್ದರು.

"ಮನೆ ಬದಲಾಯಿಸೋರು ದೇವರ ಪಟ ಮೊದಲು ಒಯ್ತಾರೆ, ನೀವು ಕ್ಯಾಲೆಂಡರಾ?" ಅಂದೆ.

ಅವರು ನಗಲಿಲ್ಲ. ಗಾಜಿನ ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಇದಕ್ಕೆ ಎಷ್ಟು ಕ್ಯಾಲೆಂಡರ್ ಬೇಕೋ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಓದಲು ಶುರು ಮಾಡಿದರು.

ಹತ್ತು ಗಂಟೆಯ ಬಿಸಿಲು ನೇರ ಹಾಳೆಯ ಮೇಲೆ ಬಿತ್ತು. ಬಿಳಿ ಹಾಳೆ ಹಾಲಿನ ತಟ್ಟೆಯಾಯಿತು. ಅಕ್ಷರಗಳು ಅದರಲ್ಲಿ ಬಿದ್ದ ಇರುವೆಗಳು. ನಾನು ಧೈರ್ಯವಾಗಿ ಬೆರಳು ಸರಿಸಿದೆ. ಒಂದು ಕಡೆ ಮೇಜು ಕುಟ್ಟಿದೆ. "ಆಹಾ, ಎಂಥ ಬೆಳಕು!" ಎಂದೂ ಸೇರಿಸಿದೆ. ಊಟದ ನಂತರ ಕೆಳಗಿನ ಕೋಣೆಯಲ್ಲಿ ಕೂತೆವು. ಎದುರು ಗೋಡೆಯಿಂದ ಬಂದ ಬೆಳಕು ಯಾರ ಮೇಲೂ ಮುನಿಸಿಲ್ಲದಂತೆ ಹಾಳೆಯ ಮೇಲೆ ಸಮನಾಗಿ ಹರಡಿತ್ತು. ಇರುವೆಗಳು ಅಕ್ಷರಗಳಾದವು. ನಾಲ್ಕು ಸಲ ಕುಟ್ಟಿದೆ.

ಅಕ್ಕ ಪೆನ್ನು ಮುಚ್ಚಿ ಎರಡೂ ಪ್ರೂಫನ್ನು ಅಕ್ಕಪಕ್ಕ ಇಟ್ಟರು.

"ಹಳೇ ಚೀಟಿ ಇವು, ಗಾಬರಿ ಆಗ್ಬೇಡಿ. ಎರಡರಲ್ಲೂ ನಾನೇ ನಾಲ್ಕು ನಾಲ್ಕು ತಪ್ಪು ಬಿತ್ತಿದ್ದೆ. ಕೆಳಗೆ ನಾಲ್ಕೂ ಹಿಡಿದ್ರಿ. ಮೇಲೆ ಒಂದು."

ಬಿಟ್ಟುಹೋದ ಮೂರರಲ್ಲಿ ಒಂದನ್ನು ಬೆರಳಿಟ್ಟು ತೋರಿಸಿದರು. 'ಊಟಕ್ಕೆ ಮೊದಲು' ಇರಬೇಕಾದಲ್ಲಿ 'ಊಟದ ನಂತರ' ಎಂದಿತ್ತು. ಎಲ್ಲೋ ಒಂದು ಮನೆಯಲ್ಲಿ ಯಾರೋ ಆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಊಟ ಮುಗಿಯಲಿ ಎಂದು ಕಾಯುತ್ತಿರುವುದು ಕಣ್ಣಿಗೆ ಕಟ್ಟಿತು. ಅಷ್ಟು ಸ್ಪಷ್ಟವಾಗಿ ಕಂಡದ್ದು ಎರಡು ವರ್ಷದಲ್ಲಿ ಅದೊಂದೇ.

"ಯಾವಾಗಿಂದ ಗೊತ್ತು ನಿಮಗೆ?"

"ಬಿಸಿಲು ಬಂದ ಕಡೆಯಿಂದ ಹಾಳೆ ಎಳ್ಕೊಳ್ಳೋಕೆ ಶುರು ಮಾಡಿದ್ರಲ್ಲ, ಆವಾಗಿಂದ. ಅದಕ್ಕೇ ಕ್ಯಾಲೆಂಡರ್ ಹಾಕಿದ್ದು. ಸೂರ್ಯ ಒಂದೇ ಕಡೆ ಕೂರಲ್ಲ ನೋಡಿ, ಅದಕ್ಕೇ ಮೊಳೆ ಬದಲಾಯಿಸ್ತಿದ್ದೆ."

ನಾನು ಖಯಾಲಿ ಎಂದುಕೊಂಡದ್ದು ನನಗಾಗಿ ಸೂರ್ಯನ ಬೆನ್ನು ಹತ್ತುವ ಕೆಲಸವಾಗಿತ್ತು.

"ಮತ್ತೆ ನಾನು ಬಿಟ್ಟ ತಪ್ಪುಗಳು? ಒಂದೂ ಆಚೆ ಹೋಗಿಲ್ವಲ್ಲ?"

"ಊಟದ ಹೊತ್ತಲ್ಲಿ ಇನ್ನೊಂದ್ಸಲ ನೋಡ್ತಿದ್ದೆ. ಜಾಸ್ತಿ ಏನಿಲ್ಲ, ವಾರಕ್ಕೆ ಒಂದೆರಡು."

"ನನಗೊಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ಒಪ್ತಿದ್ರಾ? ತಪ್ಪು ಕೈಗೆ ಕೊಟ್ರೆ ಮಾತ್ರ ನಂಬೋ ಜನ ನಾವು." ಅಕ್ಕ ಪ್ರೂಫ್ ಮಡಚಿದರು. "ಈ ರೂಮ್ ತಗೊಂಡ್ರೆ ಇನ್ನೊಂದು ವರ್ಷ ಹೀಗೇ ತಳ್ಬಹುದು. ನಾನು ಬಾಯಿ ಬಿಡಲ್ಲ. ಆದ್ರೆ ಎರಡು ವರ್ಷದಿಂದ ನಾನು ಬಿಸಿ ಊಟ ಕಂಡಿಲ್ಲ ಮೇಷ್ಟ್ರೇ. ಅದೊಂದು ಸ್ವಲ್ಪ ಯೋಚನೆ ಮಾಡಿ."

ಸಂಜೆ ಮ್ಯಾನೇಜರ ಎದುರು ನಿಂತಾಗ, ಕೋಣೆಯ ವಿಷಯ ಒಂದೇ ಉಸಿರಿನಲ್ಲಿ ಮುಗಿಯಿತು: ಕೆಳಗಿನದು. ಕಣ್ಣಿನ ವಿಷಯಕ್ಕೆ ನಾಲ್ಕು ಉಸಿರು ಬೇಕಾಯಿತು. ಎಲ್ಲವನ್ನೂ ಹೇಳಿದೆ, ಊಟದ ಹೊತ್ತಿನ ಎರಡನೆಯ ಓದನ್ನೂ ಸೇರಿಸಿ. ಕೊನೆಗೆ, "ಕಟ್ಟು ವಿಭಾಗಕ್ಕೆ ಹಾಕೋದಾದ್ರೆ ಈಗಲೇ ಹೇಳಿಬಿಡಿ" ಅಂದೆ.

ಮ್ಯಾನೇಜರು ಇದನ್ನೆಲ್ಲ ಎರಡು ವರ್ಷ ಮುಚ್ಚಿಟ್ಟದ್ದಕ್ಕೆ ಬೈದರು, ಬೈಯಬೇಕಾದದ್ದೇ. ಆಮೇಲೆ, "ನಿಮ್ಮನ್ನ ಅಲ್ಲಿಗೆ ಹಾಕಿದ್ರೆ ಅಕ್ಕ ಯಾರ ಎದುರಿಗೆ ಕೂತು ಓದ್ತಾರೆ, ನನ್ನೆದುರಿಗಾ? ನನಗೆ ಅಷ್ಟು ತಾಳ್ಮೆ ಇಲ್ಲ. ರಜೆ ಹಾಕಿ, ಕಣ್ಣು ಸರಿಮಾಡ್ಕೊಂಡು ಬನ್ನಿ. ಡಾಕ್ಟರ ಚೀಟಿ ತನ್ನಿ. ಓದೋಕೆ ಬರೋ ಚೀಟಿ!" ಅಂದರು.

ಮನೆಯಲ್ಲಿ ಹೇಳಿದಾಗ ಹೆಂಡತಿ, "ನಾನು ಎರಡು ವರ್ಷ ಬಾಯಲ್ಲಿ ಹೇಳಿದ್ದು ತಲೆಗೆ ಹೋಗ್ಲಿಲ್ಲ. ಆ ಪುಣ್ಯಾತ್ಗಿತ್ತಿ ಅರ್ಧ ದಿನದಲ್ಲಿ ಮಾಡಿಸಿದ್ರು" ಎಂದು ಅಕ್ಕನಿಗೆ ಫೋನ್ ಮಾಡಿದಳು. ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು. ನನ್ನ ಬಗ್ಗೆಯೇ ಎಂದು ನಗುವಿನಿಂದ ಗೊತ್ತಾಯಿತು.

ಎರಡೂ ಕಣ್ಣಿನ ಆಪರೇಷನ್ ಮುಗಿದು ನಾನು ಮರಳಿದ್ದು ಎರಡೂವರೆ ತಿಂಗಳ ನಂತರ. ಗೋದಾಮಿನ ಪಕ್ಕದ ಕೋಣೆಯಲ್ಲಿ ನಮ್ಮ ಮೇಜು, ನಮ್ಮ ಕುರ್ಚಿ. ಯಾವ ಬಿಸಿಲಿಗೂ ಅಡ್ಡವಲ್ಲದ ಕಡೆ, ಗೋಡೆಯ ಮೇಲೆ, ಆ ಕ್ಯಾಲೆಂಡರ್. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಒಂದು ವಾಕ್ಯವನ್ನು ತಿದ್ದಿ ತಿದ್ದಿ ತಂದಿದ್ದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮೂಲಪ್ರತಿ ಎತ್ತಿ ಓದತೊಡಗಿದರು. ನಾನು ಬೆರಳು ಸರಿಸಿದೆ. ಮೂರನೆಯ ಸಾಲಿನಲ್ಲಿ ಯಾಕೋ ತಲೆ ಎತ್ತಿದೆ.

ಪೆನ್ಸಿಲಿನಿಂದ ಮೇಜು ಕುಟ್ಟಿದೆ.

"ಏನು? ಎಲ್ಲಿ ತಪ್ಪು?" ಅಂದರು ಅಕ್ಕ.

"ಅಲ್ಲಿ. ಅದು ಕೆರೆ ಅಲ್ಲ."

ನೀಲಿ ಟಾರ್ಪಾಲಿನ್. ಮೈದಾನದ ತುಂಬ ಹಾಸಿದ ಟಾರ್ಪಾಲಿನ್, ಅದರ ಅಂಚಿನಲ್ಲಿ ಬಿಳಿ ಅಂಗಿ ತೊಟ್ಟು ಕೈಕಟ್ಟಿ ನಿಂತ, ಅದನ್ನು ಮಾರುವ ಅಂಗಡಿಯ ಮಾಲೀಕ. ಕೆಳಗೆ ಅಂಗಡಿಯ ಹೆಸರು, ಗೇಣುದ್ದದ ಅಕ್ಷರಗಳಲ್ಲಿ.

"ಅಂತೂ ಸಿಕ್ಕಿತಾ," ಅಂದರು ಅಕ್ಕ. ಅವರ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಇಪ್ಪತ್ತೊಂದು ವರ್ಷದಲ್ಲಿ ನಾನು ಗಮನಿಸಿರಲಿಲ್ಲ. "ಮೂರನೇ ಸಾಲಿಂದ ಓದ್ತೀನಿ. ಬೇಗ ಮುಗಿಸೋಣ, ಇವತ್ತು ಊಟ ಬಿಸಿ ಇದೆ."