ಸಾಲಿಗೆ ಇನ್ನೂರ ನಲವತ್ತು

"ಕಣ್ಣು ಮುಚ್ಕೊಳ್ಳಿ ಮಾವ, ನಾನು ಹೇಳೋ ತನಕ ಬಿಡಬೇಡಿ," ಎಂದಳು ಅಕ್ಕನ ಮಗಳು. ಮುಚ್ಚಿದರೂ ಬಿಟ್ಟರೂ ಈಗೀಗ ಹೆಚ್ಚು ವ್ಯತ್ಯಾಸವಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವನದು ಇಪ್ಪತ್ತೆಂಟು ವರ್ಷದ ಸಂಸಾರ. ಮೌಸ್ ಮುಟ್ಟಿದವನಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಸಾಲಿಗೆ ಎಂಬತ್ತು, ಒಟ್ಟು ಇಪ್ಪತ್ತೈದು ಸಾಲು. ಅಷ್ಟರಲ್ಲೇ ರೋಗಿಗಳ ದಾಖಲೆಗಳನ್ನೆಲ್ಲ ಕಾಯ್ದವನು. ಅವಳು ಇಲ್ಲಿ ಕೆಲಸಕ್ಕೆ ಸೇರಿ ಮಾವ ಎಂದದ್ದೇ ತಡ, ಇಡೀ ಆಸ್ಪತ್ರೆಗೇ 'ಕಪ್ಪುಪರದೆ ಮಾವ'ನಾದ. ಒಂದು ವರ್ಷದಿಂದ ಆ ಅಕ್ಷರಗಳು ಅವನ ಕಣ್ಣಲ್ಲಿ ಕರಗುತ್ತಿದ್ದವು. ಹೇಳಿದರೆ ಕೋಣೆ ಬಿಡಬೇಕು. ಬಾಯಿ ಹೊಲಿದುಕೊಂಡು, ಅಂದಾಜಿನ ಮೇಲೆ ದಿನ ದೂಡುತ್ತಿದ್ದ.

"ಹ್ಞಾಂ, ಬಿಡಿ ಈಗ! ಪರದೆ ಇಷ್ಟಗಲ ಇದ್ರೂ ಎಂಬತ್ತೇ ಅಕ್ಷರ ಅಂತ ಗೊಣಗ್ತಿದ್ರಲ್ಲ? ಈಗ ಸಾಲಿಗೆ ಇನ್ನೂರ ನಲವತ್ತು. ಮೂರು ವಾರ ನನ್ನ ಯಂತ್ರದಲ್ಲಿ ಗುದ್ದಾಡಿ, ಇವತ್ತು ನಿಮ್ಮದಕ್ಕೆ ಹಾಕಿ ಮತ್ತೆ ಶುರು ಮಾಡಿದೀನಿ."

ಅವನಿಗೆ ಕಂಡದ್ದು ಬರೀ ಬೂದು ಮಂಜು. "ಭೇಷ್ ಕಣೇ!" ಎಂದ.

"ಹಾಗೆಲ್ಲ ತಪ್ಪಿಸ್ಕೋಬೇಡಿ. ಓದಿ ನೋಡೋಣ."

ಯಂತ್ರ ಶುರುವಾಗುವಾಗ ಬರುವ ಸಾಲುಗಳು ಅವನಿಗೆ ಬಾಯಿಪಾಠ. ಗಂಟಲು ಸರಿಮಾಡಿಕೊಂಡ. ಓದುವವನ ಹಾಗೆ ತಲೆಯನ್ನೂ ಅತ್ತಿತ್ತ ಆಡಿಸುತ್ತ ಮೆಮೊರಿ, ನೆಟ್‌ವರ್ಕ್ ಎಲ್ಲ ಹೇಳಿಕೊಂಡು ಬಂದ. "ಡಿಸ್ಕ್ ಒಂದು, ಸರಿ ಇದೆ. ಡಿಸ್ಕ್ ಎರಡು, ಸರಿ ಇದೆ."

ಬೆರಳಿಟ್ಟು ಸಾಲು ಹಿಂಬಾಲಿಸುತ್ತಿದ್ದ ಅವಳ ನಗು ನಿಂತಿತು. "ಮಾವ, ಎರಡನೇ ಡಿಸ್ಕ್ ಕೆಟ್ಟಿದೆ ಅಂತ ಬಂದಿದೆಯಲ್ಲ. ಹನ್ನೊಂದು ದಿನ ಆಯ್ತಂತೆ. ನೀವು ದಿನಾ ತಪಾಸಣೆ ಪುಸ್ತಕದಲ್ಲಿ ಎಲ್ಲ ಸರಿ ಅಂತ ಬರೀತಿದ್ರಿ..."

ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಇಟ್ಟಿದ್ದ ಜೋಡಿ ಅದು. ಮೊದಲನೆಯದೂ ಕೈಕೊಟ್ಟಿದ್ದರೆ ಅಷ್ಟೂ ರೋಗಿಗಳ ದಾಖಲೆ ಮಣ್ಣುಪಾಲು. ನಾಚಿಕೆಯಿಂದ ಅವನ ಮೈ ಹಿಡಿಯಷ್ಟಾಯಿತು.

ಅವಳು ಬೈಯಲಿಲ್ಲ. ಕೀಲಿಮಣೆ ಎಳೆದುಕೊಂಡು ಅಕ್ಷರ ದೊಡ್ಡದು ಮಾಡಿದಳು. "ಈಗ?"

"ಇನ್ನೊಂಚೂರು."

"ಈಗ?"

"ಇನ್ನೂ..."

ಕೊನೆಗೆ ಪರದೆಯ ತುಂಬ ಒಂದೇ ಪದ ಉಳಿಯಿತು. "ಈಗಲಾದ್ರೂ, ಮಾವ?" ಅವಳ ದನಿ ಒಡೆದಿತ್ತು.

ಅವನು ಎದ್ದು ತನ್ನ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. ತಡಕಾಡಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ.

"ನೀನೇ ಓದಮ್ಮ. ಮೊದಲನೇ ಸಾಲಿಂದ. ಏನು ಮಾಡ್ಬೇಕು ಅಂತ ನಾನು ಹೇಳ್ತೀನಿ."

ಅವಳು ಮೂಗೊರೆಸಿಕೊಂಡು ಅಕ್ಷರಗಳನ್ನು ಮತ್ತೆ ಸಣ್ಣದು ಮಾಡಿದಳು, ಓದತೊಡಗಿದಳು. ಒಂದೊಂದು ಸಾಲಿಗೂ ಅವನ ಬೆರಳುಗಳು ತನ್ನ ಮೊಣಕಾಲಿನ ಮೇಲೆ, ಕೀಲಿಮಣೆಯ ಮೇಲೆಂಬಂತೆ, ಮೆಲ್ಲಗೆ ಒತ್ತುತ್ತಿದ್ದವು.