ಮೂರನೇ ತಿರುವಿನ ಟೋಪಿ

ಖಾತ್ರಿ ಅನ್ನುವುದು ಅವಳ ಹೆಸರಲ್ಲ, ಹೆಸರನ್ನು ನುಂಗಿಕೊಂಡ ಬಿರುದು. ಹನ್ನೊಂದು ವರ್ಷಗಳಿಂದ ಅವಳು ಒಂದೇ ರೇಸ್ ತಂಡಕ್ಕೆ ಫೋಟೊ ತೆಗೆಯುತ್ತಿದ್ದಳು. ಬಿಸಿಲಿರಲಿ ಮಳೆಯಿರಲಿ, ಪಂದ್ಯ ಮುಗಿದ ಒಂದು ಗಂಟೆಯೊಳಗೆ ಎಂಟು ಚಿತ್ರಗಳು ತಂಡದ ಯಜಮಾನರ ಮೇಜಿಗೆ ಬಂದು ಬೀಳುತ್ತಿದ್ದವು. ಎಂಟರ ಪೈಕಿ ಪಟ್ಟದ ಚಿತ್ರ ಮೂರನೇ ತಿರುವಿನದು. ಕಾರು ಎದುರಿಗೆ ಬರುತ್ತಿರಬೇಕು, ಮೂಗು ಒಂದಿಷ್ಟು ಎಡಕ್ಕೆ ಹೊರಳಿರಬೇಕು, ಇಪ್ಪತ್ತೇಳು ಎಂಬ ನಂಬರು ಈಗಷ್ಟೇ ತೊಳೆದಿಟ್ಟಂತೆ ಕಾಣಬೇಕು. ಆ ತಿರುವಿನಲ್ಲಿ ಅವಳು ಮೊಣಕಾಲೂರಿ ಕೂರುತ್ತಿದ್ದ ಜಾಗದಲ್ಲಿ ಹುಲ್ಲು ಕೂಡ ಬೆಳೆಯುವ ಆಸೆ ಬಿಟ್ಟಿತ್ತು, ಅಲ್ಲೊಂದು ಸಣ್ಣ ಗುಳಿ ಬಿದ್ದಿತ್ತು. ಫೋಟೊದ ಮಾತು ಬಂದರೆ ಯಜಮಾನರು, ಅದಕ್ಕೆ ಖಾತ್ರಿ ಇದ್ದಾಳೆ ಬಿಡಿ ಎಂದು ಮುಂದಿನ ಮಾತಿಗೆ ಹೋಗುತ್ತಿದ್ದರು.

ಅಂಥವಳ ಕೈಯಲ್ಲೂ ಒಂದು ತಪ್ಪು ನಡೆದುಹೋಯಿತು. ಮುಂದಿನ ಪಂದ್ಯದ ಪೋಸ್ಟರಿಗೆ ಈ ವರ್ಷದ ಚಿತ್ರ ಕಳಿಸುವ ಬದಲು ಹೋದ ವರ್ಷದ್ದನ್ನು ಕಳಿಸಿಬಿಟ್ಟಳು. ಪೋಸ್ಟರು ಅಚ್ಚಾಗಿ, ಪೆಟ್ರೋಲ್ ಬಂಕಿನ ಗೋಡೆಗೆ ಅಂಟಿದ ಮೇಲೆ, ಕಾರಿನ ಬಲಗಡೆಯ ಕನ್ನಡಿಗೆ ಸುತ್ತಿದ್ದ ಕಪ್ಪು ಟೇಪನ್ನು ಕಂಡು ಅವಳಿಗೆ ತಪ್ಪು ತಿಳಿಯಿತು. ಒಡೆದ ಆ ಕನ್ನಡಿಯನ್ನು ಬದಲಿಸಿ ಎಷ್ಟೋ ತಿಂಗಳಾಗಿತ್ತು. ಇವತ್ತು ಬೈಯುತ್ತಾರೆ, ನಾಳೆ ಬೈಯುತ್ತಾರೆ ಎಂದು ಕಾದಳು. ಮೂರನೆಯ ದಿನ ಯಜಮಾನರ ಫೋನು ಬಂತು. “ಪೋಸ್ಟರ್ ಚೆನ್ನಾಗಿದೆ ಖಾತ್ರಿಯಮ್ಮ, ಎಂದಿನ ಹಾಗೆ” ಎಂದರು.

ಆ “ಎಂದಿನ ಹಾಗೆ” ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತಿತು.

ಮೂರು ವಾರ ಅದನ್ನು ನುಂಗಿಕೊಂಡಿದ್ದು, ಕೊನೆಗೆ ಮನೆಯಲ್ಲಿ ಅತ್ತೆಯೊಬ್ಬರಿಗೆ ಮಾತ್ರ ಹೇಳಿಕೊಂಡಳು. ಅತ್ತೆ ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದು ಬೆನ್ನು ಬಗ್ಗಿಸಿಕೊಂಡವರು. ನಾಲಿಗೆ ಮಾತ್ರ ಬಗ್ಗಿರಲಿಲ್ಲ. ಸೊಸೆಯ ಮಾತು ಕೇಳಿ ಎಷ್ಟು ನಕ್ಕರೆಂದರೆ ಕೈಯಲ್ಲಿದ್ದ ಸೂಜಿ ಎಲ್ಲೋ ಜಾರಿ ಬಿತ್ತು. ಮಿಕ್ಕ ಮಾತೆಲ್ಲ ಇಬ್ಬರೂ ನೆಲದ ಮೇಲೆ ಅಂಗೈ ಸವರಿಕೊಂಡು ಸೂಜಿ ಹುಡುಕುತ್ತಲೇ ನಡೆಯಿತು.

“ಬೈಸಿಕೊಳ್ಳಲಿಲ್ಲ ಅಂತ ಮುಖ ಊದಿಸಿಕೊಂಡೋಳನ್ನ ಇವತ್ತೇ ನೋಡ್ತಿರೋದು” ಎಂದರು ಅತ್ತೆ.

“ಹೋದ ವರ್ಷದ್ದೇ ನಡೆಯುತ್ತೆ ಅಂದ್ರೆ, ಈ ವರ್ಷ ನಾನ್ಯಾಕೆ ಹೋಗಬೇಕು ಅತ್ತೆ? ಆ ಗುಳಿಯಲ್ಲಿ ಒಂದು ಕಲ್ಲು ಕೂರಿಸಿದ್ರೂ ಆಗುತ್ತಲ್ಲ.”

ಅತ್ತೆ ನೆಲ ಸವರುವುದನ್ನು ನಿಲ್ಲಿಸಲಿಲ್ಲ. ಸಮವಸ್ತ್ರ ನೋಡಿ ಯಾರೂ ಎಂಥಾ ಚಂದ ಅಂದವರಿಲ್ಲ, ಆದರೆ ಅದಿಲ್ಲದೆ ಮಗು ಶಾಲೆಯ ಗೇಟು ದಾಟುವಂತಿರಲಿಲ್ಲ ಎಂದರು. ಒಂದೇ ಬಣ್ಣ, ಒಂದೇ ಅಳತೆ, ನೂರಕ್ಕೆ ನೂರೂ ಒಂದೇ. ಹಾಗಾಗಿ ಪ್ರತಿ ಕಾಲರಿನ ಒಳಗೆ, ಯಾರಿಗೂ ಕಾಣದ ಕಡೆ, ಕೆಂಪು ದಾರದಲ್ಲಿ ಒಂದೇ ಒಂದು ಹೊಲಿಗೆ ಹಾಕುತ್ತಿದ್ದರಂತೆ.

“ಯಾಕೆ?”

“ನಾನೂ ಅಲ್ಲಿದ್ದೆ ಅಂತ ನನಗಾದರೂ ಗೊತ್ತಿರಲಿ ಅಂತ. ತಗೋ, ಸೂಜಿ ನಿನ್ನ ಸೆರಗಲ್ಲೇ ಇದೆ.”

ಖಾತ್ರಿ ಅಂದೇ ಗಟ್ಟಿ ಮಾಡಿಕೊಂಡಳು. ಬರುವ ಭಾನುವಾರದ ಪಂದ್ಯದಲ್ಲಿ, ಆ ದಿನದ್ದೇ ಹೊರತು ಇನ್ನಾವ ದಿನದ್ದೂ ಅಲ್ಲ ಎನ್ನುವಂಥ ಒಂದು ಚಿತ್ರ ಸಿಗಬೇಕು. ಸಿಗದಿದ್ದರೆ ಕ್ಯಾಮೆರಾ ಗೂಟಕ್ಕೆ ನೇತುಹಾಕಿ ಕೆಲಸ ಬೇರೆಯವರಿಗೆ ಬಿಟ್ಟುಕೊಡುವುದು. ಈ ಪಣವನ್ನು ಕೇಳಿದ ಅತ್ತೆ, ಹಾಗಾದರೆ ನಾನೂ ಬರುತ್ತೇನೆ, ಗೂಟ ಹೊಡೆಯಬೇಕೋ ಬೇಡವೋ ಅಲ್ಲೇ ತಿಳಿಯುತ್ತೆ ಎಂದರು.

ಭಾನುವಾರ ಅತ್ತೆ ಕಿವಿಗೆ ಹತ್ತಿ ತುರುಕಿಕೊಂಡು, ಕೊಡೆ ಹಿಡಿದು, ಮೂರನೇ ತಿರುವಿನ ತಂತಿ ಬೇಲಿಯಾಚೆ ಮಡಚುವ ಕುರ್ಚಿಯಲ್ಲಿ ಆಸೀನರಾದರು. ಖಾತ್ರಿ ಬೆಳಗ್ಗೆಯೇ ಗ್ಯಾರೇಜಿಗೆ ಹೋಗಿ ಕಡ್ಡಾಯದ ಚಿತ್ರಗಳನ್ನು ಒಂದೊಂದಾಗಿ ಮುಗಿಸತೊಡಗಿದಳು. ಅಲ್ಲಿ ತಂಡದ ಮೆಕ್ಯಾನಿಕ್ ನಟ್ಟಣ್ಣ ಹೊಸ ಕನ್ನಡಕ ಹಾಕಿಕೊಂಡಿದ್ದ. ಬಗ್ಗಿದಾಗಲೆಲ್ಲ ಅದು ಮೂಗಿನಿಂದ ಜಾರುತ್ತಿತ್ತು, ಅವನು ಗ್ರೀಸಿನ ಬೆರಳಲ್ಲಿ ಮೇಲೆ ತಳ್ಳುತ್ತಿದ್ದ. ಹುಬ್ಬುಗಳ ನಡುವೆ ಕಪ್ಪು ಬೊಟ್ಟೊಂದು ಕಾಯಂ ಆಗಿತ್ತು. ಮೇಷ್ಟ್ರ ಹಾಗೆ ಕಾಣ್ತೀರಿ ಎಂದು ಅವಳು ರೇಗಿಸಿದಳು. ಅವನು ನಗಲಿಲ್ಲ. ಗೋಡೆಯ ಪೋಸ್ಟರಿನ ಕಡೆ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಏನೋ ತಪ್ಪು ಮಾಡಿದವನಂತೆ ಮುಖ ತಿರುಗಿಸಿಕೊಂಡ.

ಪಂದ್ಯ ಶುರುವಾದಾಗ, ಕೊನೆಗೆ ಗೆದ್ದವರು ಹತ್ತಿ ನಿಲ್ಲುವ ಪೋಡಿಯಂನದೊಂದನ್ನು ಬಿಟ್ಟರೆ ಉಳಿದದ್ದು ಮೂರನೇ ತಿರುವಿನ ಚಿತ್ರ. ಮೂವತ್ತು ಸುತ್ತು ಇದೆಯಲ್ಲ, ಆತುರವೇನು ಎಂದುಕೊಂಡು ಖಾತ್ರಿ ಆಟಕ್ಕಿಳಿದಳು. ಹೊಟ್ಟೆಯ ಮೇಲೆ ಮಲಗಿ ತೆಗೆದಳು. ಕ್ಯಾಮೆರಾ ಓರೆ ಹಿಡಿದು ತೆಗೆದಳು. ಶಟರ್ ನಿಧಾನ ಮಾಡಿ, ಕಾರಿನ ಜೊತೆ ಸೊಂಟ ತಿರುಗಿಸಿ ತೆಗೆದಳು. ಒಂದರಲ್ಲಿ ಬರೀ ಆಕಾಶ ಬಂತು. ಇನ್ನೊಂದರಲ್ಲಿ ಯಾರೋ ಗೋಡೆಗೆ ಕೈ ಒರೆಸಿ ಹೋದಂತೆ ಒಂದು ಕೆಂಪು ಗೀರು, ಇಪ್ಪತ್ತೇಳು ಎಂಬ ನಂಬರು ಇಪ್ಪತ್ತೇಳು ದಿಕ್ಕಿಗೆ ಚೆದುರಿತ್ತು. ಕುಣಿಯಲು ಹೋಗಿ ನಡಿಗೆಯೂ ಮರೆತುಹೋದ ಹಾಗಾಯಿತು. ನೋಡನೋಡುತ್ತಾ ಇಪ್ಪತ್ತೆರಡು ಸುತ್ತು ಕಳೆದವು. ಹೊಸದೂ ಇಲ್ಲ, ಹಳೆಯದೂ ಇಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಏಳೇ ಚಿತ್ರ ಒಯ್ಯಬೇಕಾದೀತೆಂದು ಹೆದರಿ ಖಾತ್ರಿ ತನ್ನ ಹಳೆಯ ಗುಳಿಗೆ ಮೊಣಕಾಲೂರಿದಳು.

ಆಗ ಬೆನ್ನಿಗೆ ಏನೋ ಚುಚ್ಚಿತು. ಬೇಲಿಯ ತೂತಿನಿಂದ ಅತ್ತೆಯ ಕೊಡೆ.

“ಆ ಬಾವುಟದವನನ್ನ ನೋಡೇ” ಎಂದರು ಅತ್ತೆ, ಕಿವಿಯಲ್ಲಿ ಹತ್ತಿಯಿದ್ದುದರಿಂದ ನಾಲ್ಕು ಜನಕ್ಕೆ ಕೇಳುವಂತೆ. “ಬೇರೆ ಕಾರಿಗೆಲ್ಲ ಕಂಬದ ಹಾಗೆ ನಿಂತಿರ್ತಾನೆ. ನಿಮ್ಮ ಕಾರು ಬಂದ್ರೆ ಮಾತ್ರ ಟೋಪಿ ಹಿಡ್ಕೋತಾನೆ.”

ತಿರುವಿನ ಆಚೆ, ಗೋಡೆಯ ಹಿಂದೆ ಬಾವುಟ ಹಿಡಿದು ನಿಂತವನನ್ನು ಖಾತ್ರಿ ಹನ್ನೊಂದು ವರ್ಷವೂ ಚಿತ್ರದಿಂದ ಆಚೆ ಇಡಲು ಒದ್ದಾಡಿದ್ದಳೇ ಹೊರತು ಅವನನ್ನು ನೋಡಿರಲಿಲ್ಲ. ಈಗ ನೋಡಿದಳು. ಒಂಬತ್ತನೇ ನಂಬರು ಹೋಯಿತು, ಅವನು ಕದಲಲಿಲ್ಲ. ಹದಿನಾಲ್ಕು ಹೋಯಿತು, ಆಕಳಿಸಿದ. ಇಪ್ಪತ್ತೇಳು ಬಂತು, ಅವನ ಎಡಗೈ ತಾನಾಗಿ ತಲೆಗೆ ಹೋಯಿತು. ಅವರ ಚಾಲಕ ಹೋದ ವರ್ಷದವರೆಗೂ ಆ ಗೋಡೆಯಿಂದ ದೂರ ಇರುತ್ತಿದ್ದವನು. ಈ ವರ್ಷ ಅದನ್ನು ಸವರಿಕೊಂಡೇ ಹೋಗುತ್ತಿದ್ದ, ಆ ಗಾಳಿಗೆ ಟೋಪಿ ಹಾರುವಂತಿತ್ತು. ಮದುವೆಯಾದ ಮೇಲೆ ಅವನಿಗೆ ಬೇರೆ ಯಾವುದರ ಭಯವೂ ಉಳಿದಿಲ್ಲ ಎಂಬುದು ನಟ್ಟಣ್ಣನ ಸಿದ್ಧಾಂತ.

ಖಾತ್ರಿ ಗುಳಿಯಿಂದ ಎದ್ದು ಅರ್ಧ ಹೆಜ್ಜೆ ಎಡಕ್ಕೆ ಸರಿದು ಕೂತಳು. ಅಲ್ಲಿ ಹುಲ್ಲಿತ್ತು, ಹುಲ್ಲಿನಡಿ ಒಂದು ಚೂಪು ಕಲ್ಲೂ ಇತ್ತು. ಶಟರ್ ಎಂದಿನದೇ, ಕಾರಿನ ಮೂಗು ಎಂದಿನ ಕಡೆಗೇ. ಹಿಂದೆ ಆ ಮನುಷ್ಯ ಒಬ್ಬ ಹೆಚ್ಚಿಗೆ. ಮೊದಲ ಸಲ ಕಾರಿನ ಹಿಂದಿನ ರೆಕ್ಕೆ ಅವನನ್ನು ಮುಚ್ಚಿತು. ಆಮೇಲೆ ಮೂರು ಸುತ್ತು ಅವನು ಟೋಪಿಯನ್ನು ಎಷ್ಟು ಭದ್ರವಾಗಿ ಒತ್ತಿ ಹಿಡಿದನೆಂದರೆ, ಮಳೆಗೆ ಹೆದರಿದವನ ಚಿತ್ರದಂತಿತ್ತು. ಇಪ್ಪತ್ತೆಂಟನೇ ಸುತ್ತಿನಲ್ಲಿ ಅವನಿಗೆ ಸೀನು ಬಂತು. ಕೈ ತಲೆಗೆ ಹೋಗಬೇಕಾದದ್ದು ಮೂಗಿಗೆ ಹೋಯಿತು.

ಖಾತ್ರಿಯ ಬೆರಳು ತಾನೇ ಒತ್ತಿತು.

ಪಂದ್ಯ ಮುಗಿದು ಐವತ್ತು ನಿಮಿಷಕ್ಕೆ ಅವಳು ಎಂಟೂ ಚಿತ್ರಗಳನ್ನು ಯಜಮಾನರ ಮುಂದೆ ತೆರೆದಿಟ್ಟಳು. ನಟ್ಟಣ್ಣ ಬಾಗಿಲ ಬಳಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಏಳು ಚಿತ್ರಗಳಿಗೆ ಯಜಮಾನರು ಏಳು ಸಲ ತಲೆಯಾಡಿಸಿದರು. ಎಂಟನೆಯದರಲ್ಲಿ ತಲೆ ನಿಂತಿತು. ಇಪ್ಪತ್ತೇಳು ನಿಚ್ಚಳವಾಗಿತ್ತು. ಅದರ ಹಿಂದೆ ಒಂದು ಬೋಳುತಲೆ ಬಿಸಿಲಿಗೆ ಮಿಂಚುತ್ತಿತ್ತು. ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ, ಯಾರ ಆಸರೆಯೂ ಇಲ್ಲದೆ, ಒಂದು ಟೋಪಿ.

“ಇದ್ಯಾರು? ಅಳಿಸಿಬಿಡಿ ಖಾತ್ರಿಯಮ್ಮ. ಎಂದಿನ ಹಾಗೆ ಇರಲಿ.”

ಅವಳ ಗಂಟಲಲ್ಲಿದ್ದ ಮುಳ್ಳು ಒಮ್ಮೆ ಅಲುಗಿತು. “ಅಳಿಸಲ್ಲ ಯಜಮಾನ್ರೇ” ಎಂದಳು. “ಎಂದಿನ ಹಾಗೇ ಬೇಕು ಅಂದ್ರೆ ಹೋದ ವರ್ಷದ್ದಿದೆ, ಹಾಕ್ಕೊಳ್ಳಿ. ಆ ಪೋಸ್ಟರಲ್ಲಿರೋದೂ ಅದೇ. ಹೋದ ತಿಂಗಳು ನಿಮಗೆಲ್ಲ ನನಗೇ ತಿಳಿಯದ ಹಾಗೆ ಟೋಪಿ ಹಾಕಿದ್ದೆ. ಇವತ್ತು ಎತ್ತಿದ್ದೀನಿ.”

ಯಜಮಾನರು ಎದ್ದು ಗೋಡೆಗೆ ಅಂಟಿಸಿದ್ದ ಪೋಸ್ಟರಿನ ಹತ್ತಿರ ಹೋದರು. ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. ಸುಳ್ಳು, ಏನೂ ವ್ಯತ್ಯಾಸವಿಲ್ಲ ಎಂದರು.

“ಬಲಗಡೆ ಕನ್ನಡಿ” ಎಂದ ನಟ್ಟಣ್ಣ ಬಾಗಿಲಿಂದ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. “ಟೇಪು ಸುತ್ತಿದೆ. ಅದನ್ನ ಬಿಚ್ಚಿ ಹೊಸ ಕನ್ನಡಿ ಕೂರಿಸಿದೋನು ನಾನೇ. ಪೋಸ್ಟರ್ ಬಂದ ದಿನವೇ ನೋಡಿದೆ.”

“ಮತ್ತೆ ಬಾಯಿ ಬಿಡೋಕೇನಾಗಿತ್ತು?”

“ಖಾತ್ರಿಯಮ್ಮ ತಪ್ಪು ಕಳಿಸ್ತಾರಾ ಅಂದ್ಕೊಂಡೆ ಯಜಮಾನ್ರೇ. ನನ್ನ ಕಣ್ಣೇ ಕೆಟ್ಟಿದೆ ಅಂತ ಡಾಕ್ಟರ ಹತ್ರ ಹೋಗಿ ಇದನ್ನ ಹಾಕಿಸ್ಕೊಂಡು ಬಂದೆ. ಹಾಕ್ಕೊಂಡ ಮೇಲೂ ಟೇಪು ಹೋಗ್ಲಿಲ್ಲ.” ಕನ್ನಡಕ ತೆಗೆದು ಪೋಸ್ಟರ್ ನೋಡಿದ, ಮತ್ತೆ ಹಾಕಿಕೊಂಡು ನೋಡಿದ. “ಹೋಗ್ಲಿ, ಇರಲಿ. ಇದು ಬಂದ ಮೇಲೆ ಹೆಂಡ್ತಿ ಸ್ವಲ್ಪ ಮರ್ಯಾದೆ ಕೊಡ್ತಿದ್ದಾಳೆ.”

ಖಾತ್ರಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಕಂಡವನೊಬ್ಬನಿದ್ದ, ಕಂಡದ್ದನ್ನು ನಂಬುವ ಬದಲು ಅವಳನ್ನು ನಂಬಿ ಒಂದು ತಿಂಗಳು ತನ್ನ ಕಣ್ಣನ್ನೇ ಅನುಮಾನಿಸಿದ್ದ.

ಯಜಮಾನರು ಮೇಜಿಗೆ ಮರಳಿ ಆ ಎಂಟನೇ ಚಿತ್ರವನ್ನು ಇನ್ನೊಮ್ಮೆ ನೋಡಿದರು. ಟೋಪಿ ನೋಡಿದರು, ಗೋಡೆ ನೋಡಿದರು, ಗೋಡೆಗೂ ಕಾರಿಗೂ ನಡುವೆ ಒಂದು ಅಂಗೈ ತೂರಿಸಲೂ ಸಂದಿಲ್ಲದ್ದನ್ನು ನೋಡಿದರು. ಮುಖ ನಿಧಾನವಾಗಿ ಕೆಂಪೇರಿತು. ಗೋಡೆಯಿಂದ ದೂರ ಇರ್ತೀನಿ ಅಂತ ಆಣೆ ಮಾಡಿದ್ದನಲ್ಲ, ಕರೀರಿ ಆ ಚಾಲಕನನ್ನ ಎಂದು ಗುಡುಗಿದರು. ಸಾಕ್ಷಿಗೆ ಈ ಚಿತ್ರ ಹೀಗೇ ಇರಲಿ, ದೊಡ್ಡದು ಮಾಡಿಸಿ ಇಲ್ಲೇ ಹಾಕಿ, ಟೋಪಿ ಕೂದಲಷ್ಟೂ ಅಲುಗಬಾರದು ಎಂದರು. ಆಮೇಲೆ ಖಾತ್ರಿಯ ಕಡೆ ತಿರುಗಿ, ಹಳೆಯ ಚಿತ್ರ ಕಳಿಸಿದ್ದಕ್ಕೆ, ಕಳಿಸಿ ಬಾಯಿ ಮುಚ್ಚಿಕೊಂಡಿದ್ದಕ್ಕೆ, ಒಬ್ಬ ಮೆಕ್ಯಾನಿಕ್‌ಗೆ ಇಲ್ಲದ ಕಾಯಿಲೆ ಹಚ್ಚಿದ್ದಕ್ಕೆ, ಹನ್ನೊಂದು ವರ್ಷದ ಬಾಕಿಯೆಲ್ಲ ತೀರುವಷ್ಟು ಬೈದರು. ಖಾತ್ರಿ ಕೈಕಟ್ಟಿಕೊಂಡು, ಒಂದಕ್ಷರವೂ ಬಿಟ್ಟುಹೋಗದಂತೆ ಕೇಳಿಸಿಕೊಂಡಳು.

ಹೊರಗೆ ಅತ್ತೆ ಕಿವಿಯ ಹತ್ತಿ ತೆಗೆಯುತ್ತಾ ಕಾದಿದ್ದರು.

“ಏನಂದ್ರು?”

“ಚೆನ್ನಾಗಿ ಬೈದ್ರು ಅತ್ತೆ.”

“ಎಂದಿನ ಹಾಗೆ ಅನ್ನಲಿಲ್ವಾ?”

“ಅದೊಂದು ಬಿಟ್ಟು ಎಲ್ಲಾ ಅಂದ್ರು” ಎಂದು ಖಾತ್ರಿ ಕ್ಯಾಮೆರಾವನ್ನು ಗಟ್ಟಿಯಾಗಿ ಹೆಗಲಿಗೇರಿಸಿ, ಅತ್ತೆಯ ಕುರ್ಚಿ ಮಡಚಿಕೊಂಡು ಹೊರಟಳು.