ಹಿಂದಿನ ಸಾಲಿನ ಕೆಂಡ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೆಯ ಮಳೆಗಾಲದಲ್ಲಿ ನಾನು ಸೋಮವಾರಪೇಟೆಗೆ ಬಂದೆ. ಪೇಟೆಯ ಸರ್ಕಾರಿ ಶಾಲೆಯೊಂದರಲ್ಲಿ ಮೂರನೆಯ ತರಗತಿಯ ಮಕ್ಕಳು ಅಷ್ಟೊಂದು ಜನ ಯಾಕೆ ನಪಾಸಾಗುತ್ತಾರೆ ಎಂದು ತಿಳಿಯುವುದು ನನ್ನ ಕೆಲಸ. ನನ್ನ ಗಂಡ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಈ ಅಧ್ಯಯನ ಮಾಡುತ್ತೀರಾ ಎಂದು ಮೈಸೂರಿನ ಪ್ರೊಫೆಸರರೊಬ್ಬರು ಕೇಳಿದಾಗ ಹೂಂ ಎಂದೆ. ಯಾರು ಏನು ಕೇಳಿದರೂ ಆಗ ಹೂಂ ಎನ್ನುತ್ತಿದ್ದೆ.

ಮೂರನೆಯ ತರಗತಿ ಎರಡು ಕೋಣೆಗಳಲ್ಲಿ ನಡೆಯುತ್ತಿತ್ತು. ನಪಾಸಾಗುವವರು ಹೆಚ್ಚಾಗಿ ಕಾಫಿ ಎಸ್ಟೇಟಿನ ಲೈನುಮನೆಗಳಿಂದ ನಡೆದು ಬರುವ ಕೂಲಿಯವರ ಮಕ್ಕಳು.

"ಅವಕ್ಕೆ ತಲೆಗೇ ಹತ್ತಲ್ಲ ಮೇಡಂ," ಎಂದರು ಎರಡನೆಯ ಕೋಣೆಯ ಟೀಚರು ವನಜಮ್ಮ. "ನಾನೇನ್ ಕಮ್ಮಿ ಕಿರುಚ್ತೀನಾ? ಮನೇಲೂ ಅದೇ ದನಿ ಬಂದ್ಬಿಡುತ್ತೆ. ನಾನೇನ್ ಕಿವುಡನಾ ಅಂತಾರೆ ನಮ್ ಯಜಮಾನ್ರು."

ಒಂದು ಬೆಳಿಗ್ಗೆ ಆ ಕೋಣೆಯ ಕೊನೆಯ ಸಾಲಿನಲ್ಲಿ ಹೋಗಿ ಕುಳಿತೆ. ಅಲ್ಲಿ ಕಬ್ಬಿಣದ ಬಾಣಲೆಯಲ್ಲಿ ಕೆಂಡವಿತ್ತು. ಗೋಣಿಚೀಲದ ಕೊಪ್ಪೆ ಹೊದ್ದು ನೆನೆದು ಬರುವ ಲೈನಿನ ಮಕ್ಕಳನ್ನು ಜೂನ್ ತಿಂಗಳಿನಲ್ಲಿ ಅದರ ಸುತ್ತ ಕೂರಿಸುತ್ತಿದ್ದರು. ಆಮೇಲೆ ವರ್ಷವಿಡೀ ಅದೇ ಅವರ ಜಾಗ. ಕೊಡೆ ಹಿಡಿದು ಬರುವ ಪೇಟೆಯ ಮಕ್ಕಳು ಮುಂದೆ. ಮಳೆ ಜೋರಾಯಿತು. ಮಾಡಿನ ತಗಡು ಮೊರೆಯಿತು. ವನಜಮ್ಮನ ಬಾಯಿ ಆಡುವುದು ಕಾಣುತ್ತಿತ್ತು. ಒಂದು ಮಾತೂ ಕೇಳಲಿಲ್ಲ. ಕಿಟಕಿ ಮುಚ್ಚಿದ್ದರಿಂದ ಬೋರ್ಡೂ ಕಾಣಲಿಲ್ಲ. ಪಕ್ಕದಲ್ಲಿದ್ದ ಬೆಳ್ಳಿ ಎಂಬ ಹುಡುಗಿ ಕೆಂಡದ ಕಾವಿಗೆ ತೂಕಡಿಸುತ್ತಿದ್ದಳು. ಅವಳು ಎರಡು ಸಲ ನಪಾಸಾದವಳು. ಮಧ್ಯಾಹ್ನ ಮಳೆ ನಿಂತಾಗ ಜಗಲಿಯಲ್ಲಿ ಕೂರಿಸಿಕೊಂಡು ಭಾಗಾಕಾರ ಹೇಳಿಕೊಟ್ಟೆ. ಎರಡನೆಯ ಲೆಕ್ಕವನ್ನು ಅವಳೇ ಮಾಡಿದಳು.

ಬೆಂಕಿಯ ಸುತ್ತ ಕೂತವರಿಗೆ ಪಾಠ ಕೇಳುವುದೂ ಇಲ್ಲ, ಕಾಣುವುದೂ ಇಲ್ಲ ಎಂದು ಹೆಡ್ ಮಾಸ್ಟರ್ ಉತ್ತಯ್ಯನವರಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಎರಡೂ ಕೋಣೇಲಿ ಆ ಬೆಂಕಿ ಇಡ್ಸಿದ್ದು ನಾನೇಮ್ಮಾ. ಅದಕ್ಕೆ ಮೊದ್ಲು ಅವು ಬಾಗ್ಲತ್ರ ನಡುಗ್ತಾ ನಿಂತಿರ್ತಿದ್ವು."

"ಬೆಂಕಿ ಇರಲಿ ಸಾರ್. ಜಗಲಿಯಲ್ಲಿ ಇಡಿಸಿ. ಮೈ ಕಾಯಿಸಿಕೊಂಡು ಒಳಗೆ ಬಂದು ಮುಂದೆ ಕೂರಲಿ. ಆದರೆ ಒಂದು ಕೋಣೆಯಲ್ಲಿ ಮಾತ್ರ. ಇನ್ನೊಂದು ಈಗಿನ ಹಾಗೇ ಇರಬೇಕು, ದಸರಾ ಪರೀಕ್ಷೆಯವರೆಗೆ. ಹೋಲಿಸಿ ತೋರಿಸದಿದ್ದರೆ ಇಲಾಖೆಯವರು ನಂಬುವುದಿಲ್ಲ."

ಯಾವ ಕೋಣೆ ಎಂದು ಅವರೇ ನಾಣ್ಯ ಚಿಮ್ಮಿದರು. ಮೊದಲನೆಯ ಕೋಣೆ ಬಂತು. ಬೆಳ್ಳಿ ಇದ್ದದ್ದು ಎರಡನೆಯದರಲ್ಲಿ.

ಬಂದ ಹೊಸತರಲ್ಲಿ ಕೊಟ್ಟಿದ್ದ ಹಾಗೆ ಆಗಸ್ಟಿನ ಕೊನೆಗೆ ಇನ್ನೊಮ್ಮೆ ಎರಡೂ ಕೋಣೆಗಳಿಗೆ ಲೆಕ್ಕ, ಉಕ್ತಲೇಖನ ಕೊಟ್ಟು ನೋಡಿದೆ. ಮೊದಲನೆಯ ಕೋಣೆಯ ಲೈನಿನ ಮಕ್ಕಳು ಪೇಟೆಯ ಮಕ್ಕಳ ಹತ್ತಿರಕ್ಕೆ ಬಂದಿದ್ದರು. ಎಲ್ಲರೂ ಅಲ್ಲ, ಬಹಳ ಮಂದಿ. ಎರಡನೆಯ ಕೋಣೆಯವರು ಇದ್ದಲ್ಲೇ ಇದ್ದರು. ನಾನು ಊಹಿಸಿದ್ದು ನಿಜವಾಗಿತ್ತು. ಸಂತೋಷವಾಗಬೇಕಿತ್ತು.

ಆ ಸೋಮವಾರ ಸಂತೆಗೆ ಬಂದಿದ್ದ ಬೆಳ್ಳಿಯ ಅಪ್ಪ ಮುತ್ತ ಶಾಲೆಯ ಮೆಟ್ಟಿಲ ಕೆಳಗೆ ನಿಂತು ಕರೆದ.

"ಅಮ್ಮಾ, ನೀವು ಮಕ್ಳ ಬುದ್ಧಿ ನೋಡಕ್ಕೆ ಬಂದೋರಂತೆ. ನನ್ ಮಗ್ಳಿಗೆ ಓದು ಹತ್ತುತ್ತಾ? ಹತ್ತಲ್ಲ ಅಂದ್ರೆ ಹೇಳ್ಬಿಡಿ. ದಸರಾ ಪರೀಕ್ಷೆಲೂ ಹೋದ್ರೆ ಕಾಫಿ ಪಿಕಿಂಗಿಗೆ ಕಳ್ಸು, ಕೂಲಿ ಲೆಕ್ಕಕ್ಕೆ ಹೆಸ್ರು ಬರ್ಕೋತೀನಿ ಅಂದವ್ರೆ ಎಸ್ಟೇಟ್ ರೈಟ್ರು."

"ಹತ್ತುತ್ತೆ," ಎಂದೆ.

"ಮತ್ಯಾಕೆ ಫೇಲಾಗ್ತಾಳೆ?"

ಯಾಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಅಲ್ಲೇ ಕೂರಿಸಿದ್ದೆ. ನನ್ನ ಮೇಲೇ ಸಿಟ್ಟು ಬಂತು. ಎಷ್ಟೋ ತಿಂಗಳಿಂದ ಹಾಗೆ ಆಗಿರಲಿಲ್ಲ.

ನೇರವಾಗಿ ಉತ್ತಯ್ಯನವರ ಕೋಣೆಗೆ ಹೋದೆ.

"ಸಾರ್, ಎರಡನೆಯ ಕೋಣೆಯ ಬೆಂಕಿಯನ್ನೂ ಹೊರಗಿಡಿಸಿ. ನಾಳೆಯಿಂದಲೇ."

"ಪರೀಕ್ಷೆಗೆ ಇನ್ನೂ ತಿಂಗ್ಳಿದೆ. ನಿಮ್ ಪ್ರೊಫೆಸರು ಒಪ್ತಾರಾ?"

"ಒಪ್ಪಲಿಕ್ಕಿಲ್ಲ."

"ನಿಮ್ ಕೆಲ್ಸ ಅರ್ಧ ಆಗುತ್ತಲ್ಲಮ್ಮಾ."

"ಆಗಲಿ."

ಅವರು ಕನ್ನಡಕ ತೆಗೆದು ಒರೆಸಿದರು. ನಾಳೆಯವರೆಗೆ ಕಾಯಲಿಲ್ಲ, ತಾವೇ ಎದ್ದು ಹೋಗಿ ಬಾಣಲೆಯ ಒಂದು ಕಿವಿಗೆ ಬಟ್ಟೆ ಸುತ್ತಿ ಹಿಡಿದರು. ಇನ್ನೊಂದನ್ನು ನಾನು ಹಿಡಿದೆ. ವನಜಮ್ಮ ಬೆಳ್ಳಿಯನ್ನು ಮೊದಲ ಸಾಲಿಗೆ ಕರೆದು, "ಇಲ್ಲಿಂದ್ಲೂ ಕೇಳ್ಸಲ್ಲ ಅಂದ್ರೆ ನನ್ ತೊಡೆ ಮೇಲೇ ಕೂರ್ಬೇಕು ನೀನು" ಎಂದರು. ಮಕ್ಕಳು ನಕ್ಕರು.

ಪ್ರೊಫೆಸರರು ಅಧ್ಯಯನ ಅಪೂರ್ಣ ಎಂದರು. ಬರುವ ಮಳೆಗಾಲದಲ್ಲಿ ಅದೇ ಶಾಲೆಯಲ್ಲಿ ಮತ್ತೆ ನಡೆಸಬೇಕು, ಒಂದು ಕೋಣೆ ಹಳೆಯ ಹಾಗೇ ಇರಬೇಕು ಎಂದರು. ಅದನ್ನು ಉತ್ತಯ್ಯನವರಿಗೆ ತಿಳಿಸಿದೆ.

"ಹಳೇ ಹಾಗೆ ಇರೋ ಕೋಣೆ ಈಗ ಎಲ್ಲಿಂದ ತರೋದು?" ಎಂದರು. "ನಾಲ್ಕನೇ ಕ್ಲಾಸಲ್ಲೂ ಬದಲಾಯ್ಸಾಯ್ತು."

ದಸರಾ ಪರೀಕ್ಷೆಯಲ್ಲಿ ಬೆಳ್ಳಿ ಲೆಕ್ಕದಲ್ಲಿ ಪಾಸಾದಳು, ಉಕ್ತಲೇಖನದಲ್ಲಿ ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಕಳೆದುಹೋದ ವಾರಗಳನ್ನು ನಾನು ಅವಳಿಗೆ ಹಿಂದಿರುಗಿಸುವ ಹಾಗಿರಲಿಲ್ಲ. ಮುತ್ತನನ್ನು ಕರೆಸಿ ಎರಡನ್ನೂ ಹೇಳಿದೆ. ಅವಳು ಎಲ್ಲಿ ಕುಳಿತಿದ್ದಳು, ಯಾಕೆ ಕುಳಿತಿದ್ದಳು ಎಂಬುದನ್ನೂ ಹೇಳಿದೆ. ಅವನಿಗೆ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ.

"ಮಾರ್ಚ್ ಪರೀಕ್ಷೆ ಗಂಟ ಇರ್ಲಿ," ಎಂದ. "ರೈಟ್ರಿಗೆ ನಾನು ಹೇಳ್ಕೋತೀನಿ. ಆದ್ರೆ ಮುಂದೇನೇ ಕೂರಿಸ್ಬೇಕು."